ಸಕಲ ಜನರಿಗೂ ದೇವಕೃಪೆ: ಸಂತ ಜೋಸೆಫ್ ವಾಜರ ದೀನಮಾರ್ಗ

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿ ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಪುಣ್ಯಸಂದರ್ಭದಲ್ಲಿ ನಮ್ಮೆಲ್ಲರ ಹೃದಯಗಳೂ ಕೃತಜ್ಞತೆಯಿಂದ ತುಂಬಿರುವುದು ಸಹಜವೇ ಆಗಿದೆ. ಅಡಿಪಾಯಕ್ಕೆ ಕಲ್ಲು ಹೊತ್ತವರನ್ನೂ, ಗೋಪುರಕ್ಕೆ ಗಂಟೆ ಏರಿಸಿದವರನ್ನೂ, ಜ್ಞಾನೋಪದೇಶ ಕಲಿಸಿದ ಗುರುಗಳನ್ನೂ, ಕನ್ಯಾಸ್ತ್ರೀಯರನ್ನೂ, ಉಪದೇಶಿಗಳನ್ನೂ ನೆನೆಯುವುದು ನಮ್ಮ ಕರ್ತವ್ಯ. ಆದರೆ ಇಂತಹ ಉತ್ಸವಗಳಲ್ಲಿ ಕೃತಜ್ಞತೆಯ ಪಕ್ಕದಲ್ಲಿಯೇ ಇನ್ನೊಂದು ಭಾವನೆಯೂ ಸದ್ದಿಲ್ಲದೆ ಬಂದು ಕುಳಿತುಕೊಳ್ಳುತ್ತದೆ. ಅದೇ ಹೆಮ್ಮೆ. ಈ ಧರ್ಮಕೇಂದ್ರಕ್ಕೆ ಮೊದಲು ಬಂದದ್ದು ನಮ್ಮ ಮನೆತನ, ಜಾಗ ಬಿಟ್ಟುಕೊಟ್ಟವರು ನಮ್ಮ ಅಜ್ಜ, ಮೊದಲು ಪೂಜೆ ನಡೆದದ್ದು ನಮ್ಮ ಭಾಷೆಯಲ್ಲಿ ಎಂಬ ಮಾತುಗಳು ಹಬ್ಬದ ಊಟದ ಪಂಕ್ತಿಯಲ್ಲಿ ಕೇಳಿಬರುತ್ತವೆ. ಅವು ಸುಳ್ಳಲ್ಲದಿರಬಹುದು. ಆದರೆ ದೇವಕೃಪೆಯನ್ನು ಪಿತ್ರಾರ್ಜಿತ ಆಸ್ತಿಯಂತೆ ಎಣಿಸುವ ಅಪಾಯ ಅವುಗಳಲ್ಲಿ ಅಡಗಿದೆ.

ಆದಕಾರಣ, ಈ ಸ್ಮರಣ ಸಂಚಿಕೆಯ ಪುಟಗಳಲ್ಲಿ ಧರ್ಮಸಭೆಯ ಚರಿತ್ರೆಯ ಒಂದು ಅಧ್ಯಾಯವನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ. ದೇವರ ಕೃಪೆ ಸಕಲ ಜನಾಂಗಗಳಿಗೂ ಮೀಸಲಾಗಿದೆ ಎಂಬುದನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತಿದ್ದೇವೆ. ಆ ಕೃಪೆಗೆ ಅಡ್ಡಿಯಾಗುವುದು ಏನು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಆಲೋಚಿಸಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಅಡ್ಡಿ ಇರುವುದು ಅದನ್ನು ಸ್ವೀಕರಿಸಬೇಕಾದವರಲ್ಲಿ ಅಲ್ಲ, ಅದನ್ನು ಕೊಂಡೊಯ್ಯಬೇಕಾದ ನಮ್ಮ ಅಹಂಕಾರದಲ್ಲಿ. ಇದೇ ಚರಿತ್ರೆ ನಮಗೆ ಕಲಿಸುವ ಪಾಠ.

ಚರ್ಮಕಾರನ ಮಾಳಿಗೆಯ ಮೇಲೆ

ಈ ಪಾಠವನ್ನು ಮೊತ್ತಮೊದಲು ಕಲಿಯಬೇಕಾಗಿ ಬಂದವರು ಸ್ವತಃ ಸಂತ ಪೇತ್ರರು. ಪ್ರೇಷಿತರ ಕಾರ್ಯಕಲಾಪಗಳ ಹತ್ತನೆಯ ಅಧ್ಯಾಯದಲ್ಲಿ ಈ ವೃತ್ತಾಂತವಿದೆ. ಪೇತ್ರರು ಆಗ ಜೊಪ್ಪ ಎಂಬ ಕಡಲತೀರದ ಊರಿನಲ್ಲಿ ಸಿಮೋನನೆಂಬ ಚರ್ಮಕಾರನ ಮನೆಯಲ್ಲಿ ಇಳಿದುಕೊಂಡಿದ್ದರು. ಸತ್ತ ಪ್ರಾಣಿಗಳ ತೊಗಲನ್ನು ಹದಮಾಡುವ ಕಸುಬನ್ನು ಅಂದಿನ ಯೆಹೂದ್ಯರು ಕೀಳಾಗಿ ಕಾಣುತ್ತಿದ್ದರು. ಈ ಕಸುಬಿನವರನ್ನು ಊರ ಹೊರಗಿರಿಸಿದ ನಾಡಿನಲ್ಲಿ ಹುಟ್ಟಿದ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿದ್ದಾಗ ಪೇತ್ರರಿಗೆ ಒಂದು ದರ್ಶನವಾಯಿತು. ಶುದ್ಧವೆಂದೂ ಅಶುದ್ಧವೆಂದೂ ಜನರು ಬೇರ್ಪಡಿಸಿದ್ದ ಪ್ರಾಣಿಗಳೆಲ್ಲವೂ ಒಂದೇ ಬಟ್ಟೆಯಲ್ಲಿ ಆಕಾಶದಿಂದ ಇಳಿದುಬಂದವು. ಮೂರು ಸಲ ಹೀಗೆಯೇ ಆಯಿತು. ಮೂರು ಬಾರಿ ಹೇಳದೆ ಮನುಷ್ಯನ ಮನಸ್ಸಿಗೆ ಇಂತಹ ಮಾತು ನಾಟುವುದಿಲ್ಲವೆಂದು ದೇವರು ಬಲ್ಲರು.

ಅದೇ ಹೊತ್ತಿಗೆ ಸೆಜರೇಯದಿಂದ ಕೊರ್ನೇಲಿಯನೆಂಬ ರೋಮನ್ ಶತಾಧಿಪತಿಯ ಆಳುಗಳು ಬಾಗಿಲಿಗೆ ಬಂದರು. ಪೇತ್ರರು ಅವರೊಡನೆ ಹೊರಟರು. ಮನೆಯೊಳಗೆ ಕಾಲಿರಿಸಿದ ಕೂಡಲೇ ಕೊರ್ನೇಲಿಯನು ಅವರ ಪಾದಕ್ಕೆ ಬಿದ್ದಾಗ, ತಾವೂ ಒಬ್ಬ ಮನುಷ್ಯನೇ ಎಂದು ಹೇಳಿ ಪೇತ್ರರು ಅವನನ್ನು ಎತ್ತಿ ನಿಲ್ಲಿಸಿದರು. ದೇವರು ಮುಖ ನೋಡಿ ಮಣೆ ಹಾಕುವವರಲ್ಲವೆಂಬ ಸತ್ಯವನ್ನು ಪೇತ್ರರು ಅಲ್ಲಿ ಬಾಯಿಬಿಟ್ಟು ಒಪ್ಪಿಕೊಂಡರು. ಅವರ ಉಪದೇಶ ಮುಗಿಯುವ ಮೊದಲೇ, ಯಾರಿಗೂ ಇನ್ನೂ ದೀಕ್ಷಾಸ್ನಾನ ಆಗದಿದ್ದಾಗಲೇ, ಪವಿತ್ರಾತ್ಮರು ಆ ಅನ್ಯಜನರ ಮೇಲೆ ಇಳಿದರು.

ಇಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಕೃಪೆ ಎಲ್ಲರಿಗೂ ಎಂಬ ಸತ್ಯವೂ, ಬೋಧಕನು ತನ್ನನ್ನು ತಗ್ಗಿಸಿಕೊಳ್ಳಬೇಕೆಂಬ ನೀತಿಯೂ ಒಂದೇ ಮನೆಯಲ್ಲಿ, ಒಂದೇ ದಿನ ಪ್ರಕಟವಾದವು. ಅವು ಎರಡು ಪಾಠಗಳಲ್ಲ. ನೀರು ತಗ್ಗಿನ ಕಡೆಗೆ ಹರಿಯುವಂತೆ ಕೃಪೆಯೂ ತಗ್ಗಿದವರ ಮೂಲಕವೇ ಹರಿಯುತ್ತದೆ. ದೇವಪುತ್ರರಾದ ಯೇಸುಸ್ವಾಮಿಯೇ ದಾಸನ ರೂಪವನ್ನು ಧರಿಸಿ ನಮ್ಮ ಬಳಿಗೆ ಬಂದರಷ್ಟೆ.

ಬೆಣಾವಲಿಯ ಬಾಲಕ

ಪೇತ್ರರು ಕಲಿತ ಈ ಪಾಠವನ್ನು ನಮ್ಮ ಪಶ್ಚಿಮ ಕರಾವಳಿಯಲ್ಲಿ ತಮ್ಮ ಬಾಳಿನಿಂದಲೇ ಬೋಧಿಸಿದ ಮಹಾನುಭಾವರು ಸಂತ ಜೋಸೆಫ್ ವಾಜರು. ಅವರು 1651ರ ಏಪ್ರಿಲ್ 21ರಂದು ಗೋವೆಯ ಬೆಣಾವಲಿಯಲ್ಲಿ ಜನಿಸಿದರು. ಅವರ ತಂದೆಯ ಊರು ಸಾಂಕವಾಳ. ಮನೆತನ ಬ್ರಾಹ್ಮಣ ಮೂಲದ್ದು. ಶ್ರದ್ಧೆಯುಳ್ಳ ಕಥೋಲಿಕ ಕುಟುಂಬ. ಪೋರ್ಚುಗೀಸ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತು, ಗೋವೆಯ ಪ್ರಸಿದ್ಧ ವಿದ್ಯಾಲಯಗಳಲ್ಲಿ ಅಭ್ಯಾಸ ಮಾಡಿ, 1676ರಲ್ಲಿ ಅವರು ಗುರುಪಟ್ಟವನ್ನು ಪಡೆದರು. ಕುಲವೂ ವಿದ್ಯೆಯೂ ಇದ್ದ ಆ ತರುಣ ಗುರು, ಗುರುಪಟ್ಟದ ನಂತರ ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಮರುವರ್ಷ, ಅಂದರೆ 1677ರ ಆಗಸ್ಟ್ 5ರಂದು, ಸಾಂಕವಾಳದ ಆರೋಗ್ಯಮಾತೆಯ ದೇವಾಲಯದಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ಶಾಶ್ವತ ದಾಸನೆಂದು ಅರ್ಪಿಸಿಕೊಂಡು ಪತ್ರವನ್ನು ಬರೆದುಕೊಟ್ಟರು. ಗುಲಾಮರ ಕ್ರಯವಿಕ್ರಯ ನಡೆಯುತ್ತಿದ್ದ ಕಾಲ ಅದು. ದಾಸನೆಂಬ ಶಬ್ದ ಅಂದು ಬರಿಯ ಭಕ್ತಿಯ ಅಲಂಕಾರವಾಗಿರಲಿಲ್ಲ.

ಸಿಂಹಳದ್ವೀಪದಲ್ಲಿ ಕಥೋಲಿಕರು ಗುರುಗಳಿಲ್ಲದೆ ಅನಾಥರಾಗಿದ್ದಾರೆಂಬ ವಾರ್ತೆ ಅವರ ಕಿವಿಗೆ ಬಿದ್ದಿತ್ತು. ಅಲ್ಲಿಗೆ ತಮ್ಮನ್ನು ಕಳುಹಿಸಬೇಕೆಂದು ಅವರು ಬೇಡಿಕೊಂಡರು. ಆದರೆ ಮೇಲಧಿಕಾರಿಗಳು ಅವರನ್ನು 1681ರಲ್ಲಿ ಕಳುಹಿಸಿದ್ದು ನಮ್ಮ ಕನ್ನಡ ಕರಾವಳಿಗೆ. ತಮ್ಮ ಇಚ್ಛೆಯನ್ನು ಬದಿಗಿಟ್ಟು ಅವರು ವಿಧೇಯರಾಗಿ ಹೊರಟರು.

ಕರಾವಳಿಯ ಕಲಹ

ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆ. ಕರಾವಳಿಯ ಕ್ರೈಸ್ತರ ಸ್ಥಿತಿ ಶೋಚನೀಯವಾಗಿತ್ತು. ಅದಕ್ಕೆ ಕಾರಣ ಹೊರಗಿನವರ ಹಿಂಸೆ ಅಲ್ಲ, ಒಳಗಿನ ಜಗಳ. ಪೋರ್ಚುಗಲ್ಲಿನ ಅರಸನಿಗೆ ಧರ್ಮಸಭೆ ಕೊಟ್ಟಿದ್ದ ಪದ್ರುವಾದೊ ಎಂಬ ಪೋಷಣಾಧಿಕಾರದ ಮೇರೆಗೆ ಈ ಪ್ರಾಂತ್ಯ ತಮ್ಮದೆಂದು ಗೋವೆಯವರು ಹೇಳುತ್ತಿದ್ದರು. ರೋಮಿನ ಧರ್ಮಪ್ರಚಾರ ಪರಿಷತ್ತಾದ ಪ್ರೊಪಗಾಂಡದಿಂದ ನೇಮಕಗೊಂಡಿದ್ದ ಬಿಷಪ್ ತೋಮಸ್ ದೆ ಕಾಸ್ಟ್ರೊ ಅವರು ಮಂಗಳೂರಿನಲ್ಲಿದ್ದು ಇಲ್ಲಿನ ಅಧಿಕಾರ ತಮ್ಮದೆನ್ನುತ್ತಿದ್ದರು. ಅವರೂ ಗೋವೆಯವರೇ, ಸಮರ್ಥರೇ. ಮಂಗಳೂರಿನ ಮಿಲಾಗ್ರಿಸ್ ದೇವಾಲಯ 1680ರಲ್ಲಿ ಸ್ಥಾಪನೆಯಾದದ್ದು ಅವರಿಂದಲೇ. ಇಬ್ಬರ ಬಳಿಯೂ ಕಾಗದಪತ್ರಗಳಿದ್ದವು, ಇಬ್ಬರಿಗೂ ಅನುಯಾಯಿಗಳಿದ್ದರು. ನಡುವೆ ಸಿಕ್ಕಿದವರು ಬಡ ವಿಶ್ವಾಸಿಗಳು. ಯಾರ ಕೈಯಿಂದ ಸಂಸ್ಕಾರಗಳನ್ನು ಪಡೆದರೆ ಸಿಂಧು ಎಂದು ತಿಳಿಯದೆ ಜನರು ತಳಮಳಗೊಂಡಿದ್ದರು.

ಗೋವೆಯ ಪ್ರತಿನಿಧಿಯಾಗಿ ಬಂದ ಜೋಸೆಫ್ ವಾಜರು ತಮ್ಮ ಪಕ್ಷದ ಗೆಲುವನ್ನು ಸಾಧಿಸಲು ಹೊರಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಸಂಧಾನದ ದಾರಿಯನ್ನು ಹುಡುಕಿದರು. ಬಿಷಪರನ್ನು ಗೌರವದಿಂದ ಕಂಡರು. ಹಿರಿಯರ ವ್ಯಾಜ್ಯದಿಂದ ಜನರ ಆತ್ಮಗಳಿಗೆ ನಷ್ಟವಾಗಬಾರದೆಂಬುದೇ ಅವರ ಮುಖ್ಯ ಚಿಂತೆಯಾಗಿತ್ತು. ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಕುಂದಾಪುರಗಳ ನಡುವೆ ಅವರು ಕಾಲ್ನಡಿಗೆಯಿಂದ ತಿರುಗಿದರು, ಪಾಳುಬಿದ್ದ ಗುಡಿಗಳನ್ನು ಎತ್ತಿ ನಿಲ್ಲಿಸಿದರು, ಪಾಪನಿವೇದನೆ ಕೇಳಿದರು, ರೋಗಿಗಳಿಗೆ ಅಭ್ಯಂಗನ ಕೊಟ್ಟರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಬುಗ್ಗೆಗಳು ಹುಟ್ಟಿದವೆಂದು ಜನರು ಇಂದಿಗೂ ನಂಬುತ್ತಾರೆ. ಜಾತಿಮತದ ಎಣಿಕೆಯಿಲ್ಲದೆ ಭಕ್ತರು ಆ ಗುಡ್ಡವನ್ನು ಹತ್ತುತ್ತಾರೆ.

ದಾಸನ ವೇಷ

1684ರಲ್ಲಿ ಅವರು ಗೋವೆಗೆ ಹಿಂತಿರುಗಿದರು. ಅಂದಿನ ಗೋವೆಯಲ್ಲಿ ಐರೋಪ್ಯರ ಸನ್ಯಾಸಿ ಸಭೆಗಳು ನಾಡಿನವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ವಿದ್ಯೆಯಿದ್ದರೂ ಭಕ್ತಿಯಿದ್ದರೂ ಮೈಬಣ್ಣವೇ ಅಡ್ಡಿಯಾಗುತ್ತಿತ್ತು. ಇದರಿಂದ ನೊಂದ ಕೆಲವು ಸ್ವದೇಶಿ ಗುರುಗಳು ಹಳೆಯ ಗೋವೆಯಲ್ಲಿ ಪವಾಡದ ಶಿಲುಬೆಯ ದೇವಾಲಯದ ಬಳಿ ಕೂಡಿ ಬಾಳತೊಡಗಿದ್ದರು. 1685ರಲ್ಲಿ ಜೋಸೆಫ್ ವಾಜರು ಅವರನ್ನು ಸೇರಿ, ಸಂತ ಫಿಲಿಪ್ ನೇರಿಯವರ ನಿಯಮದಂತೆ ಒರೆಟರಿ ಎಂಬ ಗುರುಗಳ ಸಭೆಯನ್ನು ರೂಪಿಸಿದರು. ಹೊರಗಿರಿಸಲ್ಪಟ್ಟವರೇ ಕಟ್ಟಿಕೊಂಡ ಮನೆ ಅದು.

ಆದರೆ ಚರಿತ್ರೆಯನ್ನು ಬರೆಯುವಾಗ ನಮಗೆ ಒಪ್ಪಿಗೆಯಾದುದನ್ನಷ್ಟೇ ಹೇಳಿ ಮುಂದೆ ಹೋಗುವುದು ಸಲ್ಲದು. ಐರೋಪ್ಯರ ಅಹಂಕಾರದಿಂದ ನೊಂದು ಹುಟ್ಟಿದ ಆ ಸಭೆಯೂ ಬ್ರಾಹ್ಮಣ ಮೂಲದ ಗುರುಗಳಿಗೇ ಮೀಸಲಾಗಿತ್ತೆಂದು ಚರಿತ್ರಕಾರರು ತೋರಿಸಿದ್ದಾರೆ. ತಮಗೆ ಮುಚ್ಚಿದ ಬಾಗಿಲನ್ನು ಕಂಡು ಅತ್ತವರೇ ತಮ್ಮ ಬಾಗಿಲನ್ನು ಇನ್ನೊಬ್ಬರಿಗೆ ಮುಚ್ಚಿದರು. ಇದನ್ನು ಅವರನ್ನು ಹಳಿಯಲು ನಾವು ಹೇಳುತ್ತಿಲ್ಲ. ಅವಮಾನಕ್ಕೆ ಗುರಿಯಾಗುವುದು ಬೇರೆ, ದೀನರಾಗುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವಮಾನ ಹೊರಗಿನಿಂದ ಬಂದೆರಗುತ್ತದೆ. ದೀನತೆಯನ್ನಾದರೋ ಮನುಷ್ಯನು ತಾನಾಗಿಯೇ ಆರಿಸಿಕೊಳ್ಳಬೇಕು.

ಜೋಸೆಫ್ ವಾಜರು ಆರಿಸಿಕೊಂಡ ಬಗೆಯನ್ನು ನೋಡೋಣ. ಸಿಂಹಳದ್ವೀಪದ ಕರಾವಳಿ ಆಗ ಡಚ್ಚರ ವಶದಲ್ಲಿತ್ತು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಅವರ ಕೈಸೇರಿದ್ದವು. ಕಥೋಲಿಕ ಗುರುಗಳನ್ನು ಅವರು ಹೊರಗಟ್ಟಿದ್ದರು. ಗುರುಗಳಿಗೆ ಆಶ್ರಯ ಕೊಡುವುದೂ ಘೋರ ಅಪರಾಧವಾಗಿತ್ತು. ಗುರುವಿನ ನಿಲುವಂಗಿ ತೊಟ್ಟು ಅಲ್ಲಿ ಇಳಿಯುವಂತಿರಲಿಲ್ಲ. ಹೀಗಾಗಿ 1687ರಲ್ಲಿ ತೂತ್ತುಕುಡಿಯಿಂದ ಹೊರಟ ಜೋಸೆಫ್ ವಾಜರು ಕೂಲಿಯಾಳಿನ, ಭಿಕ್ಷುಕನ ವೇಷವನ್ನು ಧರಿಸಿದರು. ಅವರೊಡನಿದ್ದವನು ಮನೆಯ ಸೇವಕನಾಗಿದ್ದ ಯೊವಾನ್. ಒಡೆಯ ಯಾರು, ಆಳು ಯಾರು ಎಂದು ಗುರುತಿಸಲಾಗದಂತೆ ಇಬ್ಬರೂ ಒಂದೇ ದೋಣಿಯಿಂದ ಇಳಿದರು. ಗೋವೆಯ ಮಠದಲ್ಲಿ ಯೊವಾನ್‌ನಂತಹವನಿಗೆ ಗುರುವಾಗುವ ದಾರಿಯಿರಲಿಲ್ಲ. ಆದರೆ ಈ ಕಡಲದಂಡೆಯಲ್ಲಿ ಗುರುವೇ ಯೊವಾನ್‌ನಂತೆ ಆಗಿದ್ದರು.

ಇಳಿದ ಸ್ವಲ್ಪ ಕಾಲದಲ್ಲಿಯೇ ಇಬ್ಬರೂ ಅತಿಸಾರದಿಂದ ಹಾಸಿಗೆ ಹಿಡಿದರು. ಅಂಟುರೋಗವೆಂಬ ಭಯದಿಂದ ಜನರು ಅವರನ್ನು ಊರಿನಿಂದ ಹೊರಗೆ ಕಾಡಿನಲ್ಲಿ ಬಿಟ್ಟರೆಂದೂ, ಕರುಣಾಳುವಾದ ಒಬ್ಬ ಹೆಂಗಸು ತಂದುಕೊಟ್ಟ ಗಂಜಿಯಿಂದ ಅವರು ಬದುಕಿದರೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಆ ತಾಯಿ ಯಾವ ಜನದವಳೋ, ಯಾವ ಮತದವಳೋ! ಕೃಪೆಯನ್ನು ಕೊಡಲು ಹೋದ ಗುರು ಮೊದಲು ಅದನ್ನು ಅಪರಿಚಿತಳ ಕೈಯಿಂದ ಗಂಜಿಯ ರೂಪದಲ್ಲಿ ಪಡೆದರು.

ಚೇತರಿಸಿಕೊಂಡ ಬಳಿಕ ಅವರು ಕೊರಳಿನಲ್ಲಿ ದೊಡ್ಡ ಜಪಸರವನ್ನು ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡು ಯಾರ ಕಣ್ಣು ಹೊಳೆಯಿತೋ ಅವರೇ ಕಥೋಲಿಕರೆಂದು ತಿಳಿದುಕೊಂಡರು. ಸುಮಾರು ಮೂವತ್ತು ವರ್ಷಗಳಿಂದ ಗುರುವಿನ ಮುಖವನ್ನು ಕಾಣದಿದ್ದ ಜನರಿಗೆ ರಾತ್ರಿಯ ವೇಳೆ ಗುಟ್ಟಾಗಿ ದಿವ್ಯಬಲಿಪೂಜೆಯನ್ನು ಅರ್ಪಿಸಿದರು.

ಕ್ಯಾಂಡಿಯ ಸಿಡುಬು

1692ರಲ್ಲಿ ಜೋಸೆಫ್ ವಾಜರು ದ್ವೀಪದ ಒಳನಾಡಿನ ಕ್ಯಾಂಡಿ ರಾಜಧಾನಿಗೆ ಹೋದರು. ಅಲ್ಲಿಯ ಅರಸ ಎರಡನೆಯ ವಿಮಲಧರ್ಮಸೂರ್ಯನು ಬೌದ್ಧ. ಈ ಗುರುಗಳು ಪೋರ್ಚುಗೀಸರ ಗೂಢಚಾರರೆಂದು ಯಾರೋ ದೂರು ಹೇಳಿದ್ದರಿಂದ ಅವರನ್ನು ಸೆರೆಯಲ್ಲಿಟ್ಟರು. ಸೆರೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಹುಲ್ಲಿನ ಗುಡಿಸಲೊಂದನ್ನು ಕಟ್ಟಿಕೊಂಡು ಪೂಜೆ ಮಾಡಿದರು. ಕಾಲಕ್ರಮದಲ್ಲಿ ಅರಸನ ಸಂಶಯ ನೀಗಿತು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂಬ ಕಥೆಯನ್ನು ಅಲ್ಲಿಯ ಕಥೋಲಿಕರು ಈಗಲೂ ಹೇಳಿಕೊಳ್ಳುತ್ತಾರೆ. ಬೌದ್ಧನಾಗಿಯೇ ಉಳಿದ ಆ ಅರಸನು ಅವರಿಗೆ ಧರ್ಮಕಾರ್ಯದ ಸ್ವಾತಂತ್ರ್ಯವನ್ನು ಕೊಟ್ಟನು. ಡಚ್ ಕ್ರೈಸ್ತರು ಬೇಟೆಯಾಡಿದ ಗುರುವಿಗೆ ಬೌದ್ಧ ಅರಸನ ನೆರಳು ದೊರೆಯಿತು ಎಂಬುದನ್ನು ನಾವು ಮರೆಯಬಾರದು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬಿನ ಪಿಡುಗು ಹಬ್ಬಿತು. ಅರಸನೂ ಶ್ರೀಮಂತರೂ ನಗರವನ್ನು ಬಿಟ್ಟು ಹೋದರು. ರೋಗಿಗಳನ್ನು ಬಂಧುಗಳೇ ಕಾಡಿನಲ್ಲಿ ತೊರೆದರು. ಅಂತಹ ಸಮಯದಲ್ಲಿ ಜೋಸೆಫ್ ವಾಜರೂ, ಫಾದರ್ ಜೋಸೆಫ್ ಕಾರ್ವಾಲ್ಹೊ ಅವರೂ ನಗರದಲ್ಲಿಯೇ ಉಳಿದರು. ಕಾಡಿನಲ್ಲಿ ಬಿದ್ದವರನ್ನು ಎತ್ತಿ ತಂದು ಖಾಲಿಬಿದ್ದ ಮನೆಗಳಲ್ಲಿ ಮಲಗಿಸಿದರು. ಗಂಜಿ ಕುಡಿಸಿದರು, ಹುಣ್ಣುಗಳನ್ನು ತೊಳೆದರು, ಸತ್ತವರನ್ನು ತಮ್ಮ ಕೈಯಾರೆ ಹೂಳಿದರು. ರೋಗಿ ಕಥೋಲಿಕನೋ ಬೌದ್ಧನೋ ಎಂದು ಅವರು ಕೇಳಲಿಲ್ಲ. ಹತ್ತು ವರ್ಷಗಳ ಹಿಂದೆ ಜಾಡ್ಯದ ಭಯದಿಂದ ಕಾಡುಪಾಲಾಗಿದ್ದ ಮನುಷ್ಯನೇ ಈಗ ಕಾಡಿನಿಂದ ಇತರರನ್ನು ಹೊತ್ತು ತರುತ್ತಿದ್ದರು. ಅಂದು ಕುಡಿದ ಗಂಜಿಯ ಋಣವನ್ನು ಅವರು ಹೀಗೆ ತೀರಿಸಿದರೆಂದು ನಾವು ಭಾವಿಸುತ್ತೇವೆ. ಇಂತಹ ಸೇವೆಯನ್ನು ಮೇಲಿನಿಂದ ಕೈಚಾಚಿ ಮಾಡಲಾಗದು. ನೆಲದ ಮೇಲೆ ಬಿದ್ದವನನ್ನು ಎತ್ತಬೇಕಾದರೆ ಮಂಡಿಯೂರಲೇಬೇಕು.

ಮುಂದೆ ಅವರನ್ನು ಬಿಷಪರನ್ನಾಗಿ ಮಾಡುವ ಪ್ರಸ್ತಾಪ ಬಂದಾಗ ಅವರು ಒಪ್ಪಲಿಲ್ಲವೆಂದು ಚರಿತ್ರೆ ಹೇಳುತ್ತದೆ. ದ್ವೀಪದಲ್ಲಿ 24 ವರ್ಷ ದುಡಿದ ಅವರು ಗೋವೆಗೆ ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ ದೇವರ ಪಾದವನ್ನು ಸೇರಿದರು. ಅಲ್ಲಿಯ ದೇವಾಲಯವು ಮುಂದೆ ನಾಶವಾಯಿತು. ಅವರನ್ನು ಹೂಳಿದ ಸ್ಥಳ ಯಾವುದೆಂದು ಇಂದು ಖಚಿತವಾಗಿ ತೋರಿಸುವವರಿಲ್ಲ. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅವರನ್ನು ಸಂತರ ಪಟ್ಟಕ್ಕೆ ಏರಿಸಿ, ಮತಭೇದಗಳನ್ನು ಮೀರಿ ಶಾಂತಿಗಾಗಿ ಸೇವೆ ಸಲ್ಲಿಸುವುದಕ್ಕೆ ಅವರು ಮಾದರಿ ಎಂದು ಬಣ್ಣಿಸಿದರು. ಗೋರಿಯೇ ಇಲ್ಲದ ಗುರುವಿಗೆ ವಿಶ್ವ ಧರ್ಮಸಭೆಯ ಪೀಠಗಳಲ್ಲಿ ಸ್ಥಾನ ದೊರಕಿತು.

ನಮ್ಮ ಬಾಗಿಲಲ್ಲಿ ನಿಂತವರು

ಈ ಚರಿತ್ರೆ ನೂರು ವರ್ಷ ತುಂಬಿದ ನಮ್ಮ ಧರ್ಮಕೇಂದ್ರಕ್ಕೆ ಏನನ್ನು ಹೇಳುತ್ತದೆ? ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಘೋಷಣೆಯೊಂದರಲ್ಲಿ, ಇತರ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ತಿಳಿಸಿತು. ಮಹಾಸಭೆಯ ಫಲವಾಗಿ ಪೂಜೆ ಜನರ ಭಾಷೆಗಳಿಗೆ ಬಂದಿತು. ಎಲ್ಲರಿಗೂ ಅರ್ಥವಾಗಲೆಂದು ಬಂದ ಆ ವರವನ್ನೇ ಯಾವ ಭಾಷೆಗೆ ಯಾವ ಗಂಟೆ ಎಂಬ ವ್ಯಾಜ್ಯವನ್ನಾಗಿ ನಾವು ಮಾಡಿಕೊಳ್ಳಲಿಲ್ಲವೇ? 2016ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿಯು ದಲಿತರ ಕುರಿತ ತನ್ನ ಧೋರಣಾ ಪತ್ರದಲ್ಲಿ, ಜಾತಿಭೇದ ನಮ್ಮ ಧರ್ಮಸಭೆಯೊಳಗೂ ಇದೆಯೆಂದು ಒಪ್ಪಿಕೊಂಡು ಅದನ್ನು ಪಾಪವೆಂದು ಕರೆಯಿತು. ಆ ತಪ್ಪೊಪ್ಪಿಗೆ ಬಿಷಪರದು ಮಾತ್ರವಲ್ಲ, ನಮ್ಮೆಲ್ಲರದೂ ಹೌದು. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿ ಹೊರಬಂದ ಮೇಲೆ, ಮದುವೆಯ ಮಾತು ಬಂದಾಗ ಕುಲವನ್ನು ವಿಚಾರಿಸುವವರು ನಾವೇ ಅಲ್ಲವೇ?

ಆದುದರಿಂದ ಈ ಉತ್ಸವದಲ್ಲಿ ನಮ್ಮ ಸಾಧನೆಗಳ ಪಟ್ಟಿಯ ಜೊತೆಗೆ ಇನ್ನೊಂದು ಲೆಕ್ಕವನ್ನೂ ನಾವು ನೋಡಬೇಕಾಗಿದೆ. ಈ ನೂರು ವರ್ಷಗಳಲ್ಲಿ ನಮ್ಮ ಬಾಗಿಲವರೆಗೆ ಬಂದು ಒಳಗೆ ಬರಲು ಅಂಜಿ ಹಿಂತಿರುಗಿದವರು ಯಾರು? ಹಿಂದಿನ ಸಾಲಿನಲ್ಲಿಯೇ ನಿಂತು ಮುದುಕರಾದವರು ಯಾರು? ದೇವಾಲಯದ ಗೋಡೆಗೆ ಮಣ್ಣು ಹೊತ್ತು, ಶಿಲಾಫಲಕದಲ್ಲಿ ಹೆಸರಿಲ್ಲದೆ ಹೋದವರು ಯಾರು? ನೆರೆಹೊರೆಯ ಹಿಂದೂ, ಮುಸ್ಲಿಂ ಬಂಧುಗಳಿಂದ ನಾವು ಪಡೆದ ಗಂಜಿಯ ಋಣ ಎಷ್ಟು? ಇವುಗಳಿಗೆ ಉತ್ತರ ದಾಖಲೆ ಪುಸ್ತಕಗಳಲ್ಲಿ ದೊರಕುವುದಿಲ್ಲ. ನಮ್ಮ ನಮ್ಮ ಮನೆಯ ಹಿರಿಯರನ್ನು ಕೇಳಿದರೆ ಸ್ವಲ್ಪ ದೊರಕೀತು.

ದೇವಕೃಪೆ ನಮಗೆ ದೊರಕಿದ್ದು ನಾವು ಯೋಗ್ಯರೆಂದಲ್ಲ, ಅವರು ದಯಾಳು ಎಂದು. ಅದನ್ನು ಬಚ್ಚಿಟ್ಟುಕೊಂಡವನ ಕೈಯಲ್ಲಿ ಅದು ಬತ್ತುತ್ತದೆ. ತಗ್ಗಿ ಹಂಚಿದವನ ಮೂಲಕ ಅದು ಊರಿಗೆಲ್ಲ ಹರಿಯುತ್ತದೆ. ಚರ್ಮಕಾರನ ಮಾಳಿಗೆಯ ಮೇಲೆ ಪೇತ್ರರಿಗೆ ಕಣ್ಣು ತೆರೆಸಿದ ದೇವರು, ಕೂಲಿಯಾಳಿನ ವೇಷದಲ್ಲಿ ಜೋಸೆಫ್ ವಾಜರನ್ನು ಕಡಲು ದಾಟಿಸಿದ ದೇವರು, ಎರಡನೆಯ ಶತಮಾನಕ್ಕೆ ಕಾಲಿರಿಸುತ್ತಿರುವ ನಮಗೂ ದೀನ ಮನಸ್ಸನ್ನು ಅನುಗ್ರಹಿಸಲಿ. ನಮ್ಮ ದೇವಾಲಯದ ಬಾಗಿಲು ಒಳಗಿರುವವರಿಗಿಂತ ಹೊರಗೆ ನಿಂತವರಿಗೆ ಮೊದಲು ತೆರೆಯುವಂತಾಗಲಿ. ಆಮೆನ್.